ತಪ್ಪು ಕಳಿಸಿದವರದು, ದಂಡ ಪಡೆದವರಿಗೆ!
ಎಂಟಾಣೆ ಕಾರ್ಡಿಗೆ ಸ್ಟ್ಯಾಂಪು ಎಷ್ಟು? ಅಚ್ಚಿಗೆ ಕೊಡುವ ಮುನ್ನ ತಿಳಿಯುವುದು ಲೇಸು

ಮಧ್ಯಾಹ್ನ ಮೂರರ ಹೊತ್ತು. ಪೇಟೆ ಬೀದಿಯ ಅಂಚೆ ಕಚೇರಿಯ ಕೌಂಟರಿನ ಮುಂದೆ ಜವಳಿ ಅಂಗಡಿಯ ಯಜಮಾನರೊಬ್ಬರು ನಿಂತಿದ್ದರು. ಕೈಯಲ್ಲಿ ದಾರ ಸುತ್ತಿದ ಎರಡು ಕಟ್ಟು ಪೋಸ್ಟ್ ಕಾರ್ಡು. ಒಂದೊಂದು ಕಟ್ಟಿಗೆ ನೂರರಂತೆ ಒಟ್ಟು ಇನ್ನೂರು. ತಂದೆ ತೀರಿಕೊಂಡು ನಾಲ್ಕು ದಿನವಾಗಿತ್ತು. ಹದಿಮೂರನೇ ದಿನ ವೈಕುಂಠ ಸಮಾರಾಧನೆ. ಊರೂರಿನಲ್ಲಿರುವ ನೆಂಟರಿಷ್ಟರಿಗೆ, ವ್ಯಾಪಾರದ ಹಳೆಯ ಗೆಳೆಯರಿಗೆ ವಿಷಯ ಮುಟ್ಟಬೇಕು. ಇದೇ ಕಚೇರಿಯಿಂದ ಇನ್ನೂರು ಕಾರ್ಡು ಕೊಂಡು, ಪಕ್ಕದ ಪ್ರೆಸ್ಸಿನಲ್ಲಿ ಒಕ್ಕಣೆ ಅಚ್ಚು ಹಾಕಿಸಿ, ವಿಳಾಸ ಬರೆಸಿ ತಂದಿದ್ದರು.

ಡಬ್ಬಿಯ ಬಾಯಿಗೆ ಇಷ್ಟು ದಪ್ಪದ ಕಟ್ಟು ಹಿಡಿಯುವುದಿಲ್ಲವೆಂದು ಕೌಂಟರಿಗೇ ಕೊಡಲು ಬಂದದ್ದು ಅವರ ಪುಣ್ಯ. ಗುಮಾಸ್ತರು ಮೇಲಿನ ಕಾರ್ಡನ್ನು ತಿರುಗಿಸಿ ನೋಡಿದರು.

“ಯಜಮಾನ್ರೇ, ಇದನ್ನ ಹೀಗೇ ಕಳಿಸಿಬಿಟ್ರೆ ನಿಮ್ ನೆಂಟ್ರು ದುಡ್ಡು ಕೊಟ್ಟು ಬಿಡಿಸ್ಕೋಬೇಕಾಗತ್ತೆ.”

“ಯಾಕ್ ಸ್ವಾಮಿ? ಕಾರ್ಡು ನಿಮ್ಮಲ್ಲೇ ಕೊಂಡದ್ದು. ಸ್ಟ್ಯಾಂಪು ಅದರಲ್ಲೇ ಅಚ್ಚಾಗಿದೆಯಲ್ಲ!”

“ಕಾರ್ಡೇನೋ ನಮ್ದೇ. ಒಕ್ಕಣೆ ಪ್ರೆಸ್ಸಿಂದಲ್ವೇ? ಕೈಯಲ್ಲಿ ಬರೆದ್ರೆ ಐವತ್ತು ಪೈಸೆ. ಅಚ್ಚು ಹಾಕಿಸಿದ್ರೆ ಆರು ರೂಪಾಯಿ.”

ಯಜಮಾನರು ಒಂದು ಗಳಿಗೆ ಮಾತಿಲ್ಲದೆ ನಿಂತರು. ನಲವತ್ತು ವರ್ಷ ಅಂಗಡಿ ನಡೆಸಿದವರು, ಸಾವಿರಾರು ಕಾರ್ಡು ಬರೆದವರು. ಆದರೂ ಈ ಸಂಗತಿ ಅವರ ಕಿವಿಗೆ ಬಿದ್ದದ್ದು ಅದೇ ಮೊದಲು.

ಅವರೊಬ್ಬರೇ ಅಲ್ಲ. ಕಾರ್ಡು ಎಂದರೆ ಐವತ್ತು ಪೈಸೆ, ಅದರಾಚೆಗೆ ತಿಳಿಯಬೇಕಾದ್ದೇನೂ ಇಲ್ಲ ಎಂಬುದು ಪೇಟೆಯ ಮುಕ್ಕಾಲು ಮಂದಿಯ ನಂಬಿಕೆ. ಕಾರ್ಡಿಗೆ ಅಂಟಿಸುವ ಚೀಟಿ ಅಂಗೈ ಉಗುರಿನಷ್ಟೇ ಇರಬಹುದು. ಆದರೆ ಅದು ಕಡಿಮೆ ಬಿದ್ದಾಗ ಆಗುವ ಮುಜುಗರ ಸಣ್ಣದಲ್ಲ.

ಬೇರಿಂಗಿನ ಲೆಕ್ಕ

ಸಾಲದ ಸ್ಟ್ಯಾಂಪಿನ ಟಪಾಲಿಗೆ ಜನ ಇಟ್ಟ ಹೆಸರು ‘ಬೇರಿಂಗ್’. ಎಷ್ಟು ಕಡಿಮೆ ಬಿದ್ದಿದೆಯೋ ಅದರ ಎರಡರಷ್ಟನ್ನು ಪಡೆಯುವವರಿಂದ ವಸೂಲಿ ಮಾಡುವುದು ಅಂಚೆಯಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಪಡೆಯುವವರು ಬೇಡವೆಂದರೆ ಟಪಾಲು ಕಳಿಸಿದವರತ್ತ ತಿರುಗುತ್ತದೆ.

ಈಗ ಜವಳಿ ಅಂಗಡಿಯವರ ಲೆಕ್ಕ ನೋಡಿ. ಅಚ್ಚಾದ ಕಾರ್ಡಿಗೆ ಬೇಕಾದದ್ದು 6 ರೂಪಾಯಿ, ಇದ್ದದ್ದು 50 ಪೈಸೆ. ಕೊರತೆ ಐದೂವರೆ ರೂಪಾಯಿ, ಅದರ ಎರಡರಷ್ಟು 11 ರೂಪಾಯಿ. ಇನ್ನೂರು ಕಾರ್ಡೂ ಬೇರಿಂಗ್ ಆಗಿ ಹೋದರೆ ನೆಂಟರೆಲ್ಲ ಸೇರಿ ತೆರಬೇಕಾದದ್ದು 2,200 ರೂಪಾಯಿ. ಕಳಿಸಿದವರಿಗೆ ಉಳಿದದ್ದು 1,100. ಇದು ಉಳಿತಾಯ ಹೇಗಾದೀತು? ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ಬೇರೆಯೇ ಹೆಸರಿದೆ!

ದುಡ್ಡಿನ ಮಾತು ಹಾಗಿರಲಿ. ಸಾವಿನ ಸುದ್ದಿ ಹೊತ್ತ ಕಾರ್ಡನ್ನು ಹನ್ನೊಂದು ರೂಪಾಯಿ ಕೊಟ್ಟು ಬಿಡಿಸಿಕೊಳ್ಳಿ ಎಂದರೆ ಆ ಮನೆಯವರಿಗೆ ಹೇಗಾದೀತು? ಮನೆಯಲ್ಲಿ ಹಿರಿಯರಿಲ್ಲ, ಚಿಲ್ಲರೆಯಿಲ್ಲ, ‘ನಾಳೆ ಬನ್ನಿ’ ಎಂದರೆ ಒಂದು ದಿನ ಹೋಯಿತು. ಯಾರೋ ಬೇಡವೆಂದರೆ ಕಾರ್ಡು ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು. ಅಷ್ಟರಲ್ಲಿ ಹದಿಮೂರನೇ ದಿನವೂ ಕಳೆದಿರುತ್ತದೆ. ‘ಒಂದು ಕಾರ್ಡು ಕೂಡ ಹಾಕಲಿಲ್ಲ’ ಎಂಬ ಮಾತು ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ.

ಕಾರ್ಡು ಒಂದೇ, ದರ ಹಲವು

ಹೀಗಾಗಿ ಯಾವ ಕಾರ್ಡಿಗೆ ಎಷ್ಟು ಎಂಬುದನ್ನು ಅಂಗಡಿಯವರೂ ಬಸ್ಸಿಗೆ ಕಾಯುತ್ತ ಕಾರ್ಡು ಗೀಚುವವರೂ ಒಮ್ಮೆ ಮನದಟ್ಟು ಮಾಡಿಕೊಳ್ಳುವುದು ಒಳ್ಳೆಯದು. ಹಲವು ವರ್ಷಗಳಿಂದ ನಡೆದುಬಂದ ದರಪಟ್ಟಿ ಹೀಗಿದೆ:

ಕೈಬರಹದ ಸಾದಾ ಕಾರ್ಡು 50 ಪೈಸೆ. ಅಂಚೆ ಕಚೇರಿಯಲ್ಲಿ ಕೊಂಡ ಕಾರ್ಡಿನಲ್ಲಿ ಸ್ಟ್ಯಾಂಪು ಅಚ್ಚಾಗಿಯೇ ಇರುತ್ತದೆ, ಮತ್ತೇನೂ ಅಂಟಿಸಬೇಕಿಲ್ಲ.

ಜೋಡಿ ಕಾರ್ಡು, ಅಂದರೆ ರಿಪ್ಲೈ ಕಾರ್ಡು 1 ರೂಪಾಯಿ. ಒಂದರಲ್ಲಿ ನಮ್ಮ ಮಾತು, ಇನ್ನೊಂದು ಅವರ ಉತ್ತರಕ್ಕೆ. ‘ಕಾರ್ಡಿಗೆ ಕಾಸಿರಲಿಲ್ಲ, ಉತ್ತರ ಬರೆಯಲಿಲ್ಲ’ ಎನ್ನುವವರ ಬಾಯಿ ಮುಚ್ಚಿಸಲು ಹಳೆಯ ವರ್ತಕರು ಕಂಡುಕೊಂಡಿದ್ದ ಉಪಾಯ ಇದು.

ಅಚ್ಚಾದ ಕಾರ್ಡು 6 ರೂಪಾಯಿ. ಪ್ರೆಸ್ಸಿನಲ್ಲಿ ಮುದ್ರಿಸಿದ್ದು ಮಾತ್ರವಲ್ಲ, ಸೈಕ್ಲೋಸ್ಟೈಲ್ ಮಾಡಿದ್ದಿರಲಿ, ಇನ್ನಾವುದೇ ಯಂತ್ರದಿಂದ ಒಕ್ಕಣೆಯ ಪ್ರತಿ ತೆಗೆದದ್ದಿರಲಿ, ಎಲ್ಲವೂ ಇದೇ ಸಾಲಿಗೆ. ಗೃಹಪ್ರವೇಶ, ಅಂಗಡಿಯ ಪ್ರಾರಂಭೋತ್ಸವ, ಬಾಕಿ ಕಟ್ಟುವಂತೆ ನೆನಪೋಲೆ, ಸಂಘದ ವಾರ್ಷಿಕ ಸಭೆಯ ಸೂಚನೆ, ಹಬ್ಬದ ರಿಯಾಯಿತಿ ಮಾರಾಟದ ಪ್ರಚಾರ, ಎಲ್ಲ ಇದರಲ್ಲೇ ಬಂತು.

ಸ್ಪರ್ಧೆಯ ಕಾರ್ಡು 10 ರೂಪಾಯಿ. ಪತ್ರಿಕೆಯ ಪದಬಂಧ, ರೇಡಿಯೋ, ಟಿ.ವಿ. ಪ್ರಶ್ನೆಗಳಿಗೆ ಉತ್ತರ ಕಳಿಸುವವರು ಗಮನಿಸಬೇಕಾದದ್ದು ಇದನ್ನು. ಬಹುಮಾನದ ಆಸೆಯಿಂದ ಐವತ್ತು ಪೈಸೆ ಕಾರ್ಡಿನಲ್ಲಿ ಉತ್ತರ ಗೀಚಿ ಹಾಕುವವರಿಗೆ ಲೆಕ್ಕವಿಲ್ಲ. 1990ರ ದಶಕದಲ್ಲಿ ದೂರದರ್ಶನದ ‘ಸುರಭಿ’ ಕಾರ್ಯಕ್ರಮದ ಪ್ರಶ್ನೆಗಳಿಗೆ ದೇಶದ ಮೂಲೆಮೂಲೆಯಿಂದ ಕಾರ್ಡುಗಳು ಮೂಟೆಗಟ್ಟಲೆ ಬರುತ್ತಿದ್ದವು. ಒಂದೇ ವಾರದಲ್ಲಿ 14 ಲಕ್ಷ ಪತ್ರ ಬಂದು ದಾಖಲೆಯಾಯಿತು. ಆಗ ಸಾದಾ ಕಾರ್ಡಿನ ಬೆಲೆ 15 ಪೈಸೆ! ಬಡವರ ಕ್ಷೇಮ ಸಮಾಚಾರಕ್ಕೆಂದು ಅಗ್ಗವಾಗಿಟ್ಟ ಕಾರ್ಡು ಬಹುಮಾನದ ಬಾಬಿಗೆ ಹೋಗುವುದನ್ನು ಕಂಡು, ಇಲಾಖೆ ಸ್ಪರ್ಧೆಗೆಂದೇ ಬೇರೆ ಕಾರ್ಡು, ಬೇರೆ ದರ ಮಾಡಿತು.

ಇನ್ನು ಇನ್‌ಲ್ಯಾಂಡ್ ಲೆಟರ್ ಎರಡೂವರೆ ರೂಪಾಯಿ. 20 ಗ್ರಾಮಿನೊಳಗಿನ ಲಕೋಟೆಗೆ 5 ರೂಪಾಯಿ.

ಇಲ್ಲಿ ಚುರುಕಾದ ಅಂಗಡಿಯವರ ಕಿವಿ ನೆಟ್ಟಗಾಗಬೇಕು. ಅಚ್ಚಾದ ಕಾರ್ಡನ್ನು ಹಾಗೇ ಕಳಿಸಿದರೆ 6 ರೂಪಾಯಿ. ಅದೇ ಒಕ್ಕಣೆಯನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಲಕೋಟೆಯೊಳಗಿಟ್ಟು ಅಂಟಿಸಿದರೆ 5 ರೂಪಾಯಿ! ಬಿಚ್ಚು ಕಾರ್ಡಿಗೆ ಹೆಚ್ಚು, ಮುಚ್ಚಿದ ಕಾಗದಕ್ಕೆ ಕಡಿಮೆ. ಲಕೋಟೆಯ ಖರ್ಚು ಬೇರೆ ಇದೆ ನಿಜ. ಆದರೂ ನೂರಾರು ಕಳಿಸುವವರು ಪ್ರೆಸ್ಸಿಗೆ ಹೋಗುವ ಮುನ್ನ ಈ ಎರಡನ್ನೂ ತೂಗಿ ನೋಡುವುದರಲ್ಲಿ ನಷ್ಟವಿಲ್ಲ.

ಲಗ್ನಪತ್ರಿಕೆಗಳನ್ನು ಲಕೋಟೆಯ ಬಾಯಿ ಅಂಟಿಸದೆ, ಮೇಲೆ ‘ಬುಕ್ ಪೋಸ್ಟ್’ ಎಂದು ಬರೆದು ಕಡಿಮೆ ದರದಲ್ಲಿ ಕಳಿಸುವುದು ಹಿಂದಿನಿಂದ ಬಂದ ರೂಢಿ. ಆದರೆ 1898ರ ಹಳೆಯ ಅಂಚೆ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ 2024ರ ಜೂನ್ ತಿಂಗಳಲ್ಲಿ ಜಾರಿಗೆ ಬಂದು, ಆ ವರ್ಷದ ಕೊನೆಗೆ ನಿಯಮಾವಳಿಯೂ ಹೊಸದಾಯಿತು. ಅಪ್ಪನ ಕಾಲದ ರೂಢಿಯನ್ನೇ ನಂಬಿ ಐನೂರು ಪತ್ರಿಕೆಗೆ ಸ್ಟ್ಯಾಂಪು ಹಚ್ಚುವ ಮೊದಲು ಒಂದೇ ಒಂದು ಪತ್ರಿಕೆಯನ್ನು ಕೌಂಟರಿಗೆ ತೋರಿಸಿ, ತೂಕ ಹಾಕಿಸಿ, ದರ ಕೇಳಿಕೊಂಡು ಬರುವುದು ಕ್ಷೇಮ. ಒಂದು ಪತ್ರಿಕೆಗೆ ಆಗುವ ಎಡವಟ್ಟು ಐನೂರಕ್ಕೂ ಆಗುತ್ತದೆ ಎಂಬುದು ನೆನಪಿರಲಿ.

ಸ್ಟ್ಯಾಂಪಲ್ಲದ ಸ್ಟ್ಯಾಂಪು

ಅಂಗಡಿಯ ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿ ಒಂದು ಹಾಳೆ ರೆವಿನ್ಯೂ ಸ್ಟ್ಯಾಂಪು ಇದ್ದೇ ಇರುತ್ತದೆ. 5,000 ರೂಪಾಯಿ ಮೀರಿದ ನಗದು ರಸೀತಿಗೆ ಒಂದು ರೂಪಾಯಿಯ ಈ ಸ್ಟ್ಯಾಂಪು ಹಚ್ಚಿ ಅಡ್ಡ ಸಹಿ ಹಾಕುವುದು ವ್ಯಾಪಾರಸ್ಥರಿಗೆಲ್ಲ ಗೊತ್ತು. ಮಾರುವುದೂ ಅಂಚೆ ಕಚೇರಿಯಲ್ಲೇ. ಹಾಗಾಗಿ ‘ಸ್ಟ್ಯಾಂಪು ಹಚ್ಚಿ ಡಬ್ಬಿಗೆ ಹಾಕಿ ಬಾ’ ಎಂದರೆ ಅಂಗಡಿಯ ಹುಡುಗ ಗಲ್ಲಾಪೆಟ್ಟಿಗೆಯಿಂದ ಅದನ್ನೇ ಕಿತ್ತು ಹಚ್ಚುವುದು ಅಪರೂಪವೇನಲ್ಲ. ಆದರೆ ಅದು ಸರ್ಕಾರದ ಸುಂಕದ ಚೀಟಿ, ಟಪಾಲಿಗೆ ನಡೆಯುವುದಿಲ್ಲ. ಹಚ್ಚಿದರೂ ಒಂದೇ, ಹಚ್ಚದಿದ್ದರೂ ಒಂದೇ.

ಇನ್ನೊಂದು ಜಾಣತನವೂ ಚಾಲ್ತಿಯಲ್ಲಿದೆ. ಬರೆಯುವಾಗ ಕಾರ್ಡು ಕೆಟ್ಟಿತು, ಮಸಿ ಚೆಲ್ಲಿತು ಎಂದುಕೊಳ್ಳಿ. ಮೂಲೆಯಲ್ಲಿ ಅಚ್ಚಾಗಿರುವ ಸ್ಟ್ಯಾಂಪನ್ನು ಕತ್ತರಿಸಿ ಬೇರೆ ದಪ್ಪ ಕಾಗದಕ್ಕೆ ಅಂಟಿಸುವುದು! ಕಾರ್ಡಿನಿಂದ, ಇನ್‌ಲ್ಯಾಂಡಿನಿಂದ, ಸರ್ಕಾರಿ ಲಕೋಟೆಯಿಂದ ಕತ್ತರಿಸಿದ ತುಂಡು ಸ್ಟ್ಯಾಂಪು ಎನಿಸಿಕೊಳ್ಳುವುದಿಲ್ಲ. ಐವತ್ತು ಪೈಸೆ ಉಳಿಸಹೋಗಿ ಕಾಗದವನ್ನೇ ಬೇರಿಂಗ್ ಮಾಡಿದಂತಾಗುತ್ತದೆ.

ಬಂದ ಟಪಾಲಿನ ಸ್ಟ್ಯಾಂಪಿನ ಮೇಲೆ ಮೊಹರು ಬಿದ್ದಿಲ್ಲವೆಂದು ನೀರಿನಲ್ಲಿ ನೆನೆಸಿ ಕಿತ್ತು ಮತ್ತೆ ಹಚ್ಚುವವರೂ ಇದ್ದಾರೆ. ಒಮ್ಮೆ ಬಳಸಿದ್ದೆಂದು ಗೊತ್ತಿದ್ದೂ ಮತ್ತೆ ಬಳಸುವುದು ಕಾನೂನಿನ ಪ್ರಕಾರ ಶಿಕ್ಷಾರ್ಹ ಅಪರಾಧ. ಐದು ರೂಪಾಯಿಯ ಆಸೆಗೆ ಅಷ್ಟು ದೂರ ಹೋಗುವುದು ಬೇಡ.

ಸ್ಟ್ಯಾಂಪು ಸರಿಯಾದದ್ದೇ ಇದ್ದರೂ ಹಚ್ಚುವ ರೀತಿ ಬೇರೆ. ಜಾಗ ವಿಳಾಸದ ಬದಿಯಲ್ಲಿ, ಬಲಗಡೆ ಮೇಲಿನ ಮೂಲೆ. ಮೊಹರು ಹೊಡೆಯುವ ಕೈ, ಯಂತ್ರ ಎರಡೂ ಹುಡುಕುವುದು ಅಲ್ಲೇ. ಗೋಂದು ಹಿಡಿಯುತ್ತಿಲ್ಲವೆಂದು ಮೇಲೆ ಟೇಪು ಸುತ್ತಿದರೆ ಮೊಹರಿನ ಮಸಿ ಕೂರುವುದಿಲ್ಲ. ಕಚೇರಿಯ ಗೋಂದಿನ ಬಾಟಲಿಯೇ ವಾಸಿ. ಶುಭಕಾರ್ಯದ ಪತ್ರಿಕೆಗೆ ಮೂಲೆಗಳಲ್ಲಿ ಅರಿಶಿನ ಕುಂಕುಮ ಹಚ್ಚುವುದು ನಮ್ಮ ಸಂಪ್ರದಾಯ, ಹಚ್ಚಲಿ. ಆದರೆ ಸ್ಟ್ಯಾಂಪಿನ ಮೂಲೆಯನ್ನೂ ಪಿನ್ ಕೋಡಿನ ಚೌಕಗಳನ್ನೂ ಬಿಟ್ಟು ಹಚ್ಚಿದರೆ ಸಾಕು. 1972ರ ಆಗಸ್ಟ್ 15ರಂದು ಬಂದ ಈ ಆರಂಕಿಯ ಸಂಖ್ಯೆ ಊರಿನ ಹೆಸರಿಗಿಂತ ಬೇಗ ಕಾರ್ಡನ್ನು ಊರು ಮುಟ್ಟಿಸುತ್ತದೆ.

ಚಿತ್ರದ ಕಾರ್ಡು, ಪರದೇಶದ ಕಾರ್ಡು

ಹಂಪಿಯ ಕಲ್ಲಿನ ರಥ, ಮೈಸೂರಿನ ಅರಮನೆ, ಜೋಗದ ಗುಂಡಿ. ಪ್ರವಾಸಕ್ಕೆ ಹೋದವರು ಕೊಳ್ಳುವ ಚಿತ್ರದ ಕಾರ್ಡಿನಲ್ಲಿ ಸ್ಟ್ಯಾಂಪು ಅಚ್ಚಾಗಿರುವುದಿಲ್ಲ. ಮೂಲೆಯಲ್ಲಿ ಖಾಲಿ ಚೌಕ ಮಾತ್ರ. ‘ಕಾರ್ಡು ಕೊಂಡಾಯ್ತಲ್ಲ’ ಎಂದು ಹಾಗೇ ಡಬ್ಬಿಗೆ ಇಳಿಸಿ ಬಸ್ಸು ಹತ್ತಿದರೆ ಅದೂ ಬೇರಿಂಗೇ. ಚಿತ್ರದ ಕಾರ್ಡಿಗೆ 6 ರೂಪಾಯಿ ಹಚ್ಚಿದರೆ ತಕರಾರಿಗೆ ಎಡೆಯಿಲ್ಲ.

ಅಳತೆಯನ್ನೂ ಗಮನಿಸಬೇಕು. ಸರ್ಕಾರಿ ಕಾರ್ಡು 14 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲ. ಖಾಸಗಿಯಾಗಿ ಮಾಡಿಸಿದ ಕಾರ್ಡು ಅದಕ್ಕಿಂತ ಸಣ್ಣದಾಗಬಾರದು, ದೊಡ್ಡದಾದರೂ 15 ಮತ್ತು 10.5 ಸೆಂಟಿಮೀಟರ್ ಮೀರಬಾರದು. ಅಂದ ಹೆಚ್ಚಲೆಂದು ಗೇಣುದ್ದದ ಕಾರ್ಡು ಮಾಡಿಸಿದರೆ ಅದು ಕಾರ್ಡಲ್ಲ, ಕಾಗದದ ದರ ಕೇಳುತ್ತದೆ.

ಮಗ ಕೊಲ್ಲಿ ದೇಶದಲ್ಲಿ, ಮಗಳು ಅಮೆರಿಕದಲ್ಲಿ ಇರುವ ಮನೆಗಳು ಈಗ ಓಣಿಗೆ ನಾಲ್ಕು. ಅವರಿಗೆ ಒಂದು ಕಾರ್ಡು ಹಾಕೋಣವೆಂದರೆ ಐವತ್ತು ಪೈಸೆ ಸ್ವದೇಶದ ಗಡಿಯವರೆಗೆ ಮಾತ್ರ. ಪರದೇಶದ ದರ ಬೇರೆ, ಆಗಾಗ ಬದಲಾಗುವಂಥದ್ದು. ಹೊರಡಿಸುವ ದಿನ ಕೌಂಟರಿನಲ್ಲಿ ಕೇಳಿ, ಕಡಿಮೆ ಬೀಳುವಷ್ಟನ್ನು ಸ್ಟ್ಯಾಂಪಿನಲ್ಲಿ ತುಂಬಬೇಕು. ‘ಏರ್ ಮೇಲ್’ ಎಂದು ಬರೆದು, ಕೊನೆಯ ಸಾಲಿನಲ್ಲಿ ದೇಶದ ಹೆಸರನ್ನು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಆಯಿತು. ಆ ಕಡೆ ಅದನ್ನು ಬಟವಾಡೆ ಮಾಡುವವರು ನಮ್ಮಿಂದ ಮತ್ತೆ ಕಾಸು ಕೇಳುವುದಿಲ್ಲ. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಹುಟ್ಟಿದ ವಿಶ್ವ ಅಂಚೆ ಒಕ್ಕೂಟದ ಒಪ್ಪಂದ ಅದು. ಭಾರತ 1876ರಲ್ಲೇ ಅದರ ಸದಸ್ಯ. ಸ್ಟ್ಯಾಂಪು ಕಡಿಮೆ ಬಿದ್ದರೆ ಮಾತ್ರ ಕಾರ್ಡಿನ ಮೇಲೆ ‘ಟಿ’ ಅಕ್ಷರದ ಮೊಹರು ಬೀಳುತ್ತದೆ. ಪರದೇಶದ ಭಾಷೆಯಲ್ಲೂ ಬೇರಿಂಗ್ ಬೇರಿಂಗೇ!

ಹೊರಟ ಮಗನ ಪೆಟ್ಟಿಗೆಯಲ್ಲಿ ತಾಯಿ ಉಪ್ಪಿನಕಾಯಿಯ ಜತೆ ಹತ್ತು ಸ್ಟ್ಯಾಂಪನ್ನೂ ಇಡುವುದುಂಟು, ‘ಕಾರ್ಡು ಹಾಕು ಮಗಾ’ ಎಂದು. ಉಪ್ಪಿನಕಾಯಿ ಅಲ್ಲೂ ನಡೆದೀತು, ಸ್ಟ್ಯಾಂಪು ನಡೆಯದು. ಕಾರ್ಡು ಯಾವ ದೇಶದ ಡಬ್ಬಿಗೆ ಬೀಳುತ್ತದೋ ಆ ದೇಶದ ಸ್ಟ್ಯಾಂಪೇ ಅದಕ್ಕೆ ಬೇಕು.

ಚಂದದ ಸ್ಟ್ಯಾಂಪಿಗೂ ಬೆಲೆ ಅಷ್ಟೇ

‘ಸ್ಮರಣೆಯ ಸ್ಟ್ಯಾಂಪು ಆಲ್ಬಮ್ಮಿಗೆ ಮಾತ್ರ, ಟಪಾಲಿಗೆ ಹಚ್ಚಬಾರದು’ ಎಂದು ತಿಳಿದವರಿದ್ದಾರೆ. ತಪ್ಪು. ಮಹನೀಯರ, ಹಕ್ಕಿಗಳ, ಗುಡಿಗಳ ಚಿತ್ರವಿರುವ ಸ್ಮರಣಾರ್ಥ ಅಂಚೆ ಚೀಟಿಗಳು ಮೇಲೆ ಅಚ್ಚಾದ ಬೆಲೆಗೆ ಟಪಾಲಿಗೂ ಸಲ್ಲುತ್ತವೆ. ಸರ್ ಎಂ. ವಿಶ್ವೇಶ್ವರಯ್ಯನವರು ಬದುಕಿರುವಾಗಲೇ, ಅವರ ನೂರನೇ ಹುಟ್ಟುಹಬ್ಬದ ದಿನ, 1960ರ ಸೆಪ್ಟೆಂಬರ್ 15ರಂದು ಅವರ ಸ್ಟ್ಯಾಂಪು ಹೊರಬಂತು. ಬೆಲೆ 15 ನಯೇ ಪೈಸೆ. 2009ರಲ್ಲಿ ಡಾ. ರಾಜಕುಮಾರ್ ಅವರ ಸ್ಟ್ಯಾಂಪೂ ಬಂತು. ಬೆಂಗಳೂರಿನ ಜಿ.ಪಿ.ಒ.ದಲ್ಲಿ ಸಂಗ್ರಾಹಕರಿಗೆಂದೇ ಫಿಲಾಟೆಲಿ ವಿಭಾಗವಿದೆ. 2011ರಿಂದ ‘ಮೈ ಸ್ಟ್ಯಾಂಪ್’ ಎಂಬ ಏರ್ಪಾಡೂ ಇದೆ. ಫೋಟೋ ಕೊಟ್ಟು ಹಣ ಕಟ್ಟಿದರೆ ಸ್ಟ್ಯಾಂಪಿನ ಪಕ್ಕದಲ್ಲಿ ನಮ್ಮದೇ ಚಿತ್ರ ಅಚ್ಚಾಗಿ ಬರುತ್ತದೆ. ಮಗಳ ಮದುವೆಯ ಕರೆಯೋಲೆಗೆ ವಧೂವರರ ಚಿತ್ರವಿರುವ ಸ್ಟ್ಯಾಂಪು ಹಚ್ಚುವ ಖಯಾಲಿ ಇರುವವರು ನೋಡಬಹುದು. ಆದರೆ ಚಂದಕ್ಕೆ ಮಾರುಹೋಗಿ ಎರಡು ಹೆಚ್ಚು ಹಚ್ಚಿದರೆ ಹೆಚ್ಚಿನದು ಇಲಾಖೆಗೆ ದಾನ. ಕಡಿಮೆ ಬಿದ್ದರೆ ವಸೂಲಿಯುಂಟು, ಹೆಚ್ಚು ಬಿದ್ದರೆ ವಾಪಸಿಲ್ಲ!

ಕಾಲಾಣೆಯಿಂದ ಎಂಟಾಣೆಗೆ

ಇಷ್ಟೆಲ್ಲ ಕಟ್ಟುಕಟ್ಟಳೆಯ ನಡುವೆಯೂ ಸಾದಾ ಕಾರ್ಡು ಇಷ್ಟು ಅಗ್ಗವಾಗಿ ಉಳಿದದ್ದು ಹೇಗೆ? ಕನ್ನಡ ನಾಡಿಗೆ ಟಪಾಲು ಹೊಸದಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರು 1672ರಲ್ಲೇ ಅಂಚೆ ವ್ಯವಸ್ಥೆ ಮಾಡಿದ್ದರು. ಮೈಸೂರು ಅಂಚೆ ಎಂದೇ ಹೆಸರಾದ ಅದು 1889ರಲ್ಲಿ ಬ್ರಿಟಿಷರ ಅಂಚೆಯೊಡನೆ ಸೇರಿತು. ಕಾರ್ಡು ಹುಟ್ಟಿದ್ದು ಆಸ್ಟ್ರಿಯಾ-ಹಂಗೇರಿಯಲ್ಲಿ, 1869ರ ಅಕ್ಟೋಬರ್ 1ರಂದು. ಹತ್ತೇ ವರ್ಷಕ್ಕೆ, 1879ರ ಜುಲೈ 1ರಂದು, ಭಾರತಕ್ಕೂ ಬಂತು. ಬೆಲೆ ಕಾಲಾಣೆ. ಲಕೋಟೆ ಕೊಳ್ಳಲಾರದವನೂ ಊರಿಗೆ ನಾಲ್ಕು ಸಾಲು ಬರೆಯಲಿ ಎಂಬುದೇ ಅದರ ಉದ್ದೇಶ.

ಆ ಉದ್ದೇಶ ಇನ್ನೂ ಮುರಿದಿಲ್ಲ. 2016-17ರ ಲೆಕ್ಕದ ಪ್ರಕಾರ ಒಂದು ಕಾರ್ಡನ್ನು ಸಾಗಿಸಿ ಬಟವಾಡೆ ಮಾಡಲು ಇಲಾಖೆಗೆ ತಗಲುತ್ತಿದ್ದ ಖರ್ಚು ಸುಮಾರು 12 ರೂಪಾಯಿ. ಕೈಗೆ ಬರುತ್ತಿದ್ದದ್ದು ಐವತ್ತು ಪೈಸೆ. ಅಂದರೆ ಒಂದೊಂದು ಕಾರ್ಡಿಗೂ ಹನ್ನೊಂದೂವರೆ ರೂಪಾಯಿ ಕೈಯಿಂದ ಹಾಕಿದಂತೆ. ಈ ರಿಯಾಯಿತಿ ಕೈಯಾರೆ ಬರೆಯುವವನಿಗೆ, ವ್ಯಾಪಾರದ ಪ್ರಚಾರಕ್ಕೂ ಬಹುಮಾನದ ಆಟಕ್ಕೂ ಅಲ್ಲ. ಅಚ್ಚಾದದ್ದಕ್ಕೆ ಆರು, ಸ್ಪರ್ಧೆಗೆ ಹತ್ತು ಎಂಬುದರ ಹಿಂದಿನ ನ್ಯಾಯ ಇದೇ. ಜವಳಿ ಅಂಗಡಿಯವರಂಥ ಸಂಕಟದಲ್ಲಿರುವವರಿಗೂ ಅದೇ ಕೋಲು ಅದೇ ಅಳತೆ ಎಂಬುದು ಮಾತ್ರ ಕೊಂಚ ಕಠಿಣವೇ.

ಇನ್ನೊಂದು ವಿಪರ್ಯಾಸವಿದೆ. 2002ರಲ್ಲಿ ಜಾಹೀರಾತು ಅಚ್ಚಾದ ‘ಮೇಘದೂತ್’ ಕಾರ್ಡನ್ನು 25 ಪೈಸೆಗೆ ಮಾರಾಟಕ್ಕೆ ತಂದರು. 2011ರ ಜೂನ್ 30ರ ನಂತರ 25 ಪೈಸೆಯ ನಾಣ್ಯವೇ ಚಲಾವಣೆಯಿಂದ ಹೋಯಿತು. ನಾಲ್ಕಾಣೆ ಹೋದರೂ ನಾಲ್ಕಾಣೆ ಕಾರ್ಡು ಉಳಿಯಿತು! ಎಂಟಾಣೆ ನಾಣ್ಯ ಕಾನೂನಿನ ಪ್ರಕಾರ ಇನ್ನೂ ಸಲ್ಲುತ್ತದೆ. ಒಟ್ಟು 10 ರೂಪಾಯಿಯವರೆಗಿನ ಪಾವತಿಗೆ ಅದನ್ನು ಕೊಡಬಹುದು, ಅಂದರೆ ಇಪ್ಪತ್ತು ನಾಣ್ಯಕ್ಕೆ ಇಪ್ಪತ್ತು ಕಾರ್ಡು. ಆದರೆ ಪೇಟೆಯಲ್ಲಿ ಯಾವ ಅಂಗಡಿಯವರು ಮುಟ್ಟುತ್ತಾರೆ? ಬಸ್ಸಿನಲ್ಲಿ ಕೊಟ್ಟರೆ ಕಂಡಕ್ಟರು ಕೊಟ್ಟವನ ಮುಖ ನೋಡುತ್ತಾನೆ. ಚಿಲ್ಲರೆ ಬದಲು ಚಾಕಲೇಟು ಕೊಡುವ ಕಾಲದಲ್ಲಿ ಎಂಟಾಣೆಗೆ ಮರ್ಯಾದೆ ಉಳಿದಿರುವುದು ಅಂಚೆ ಕಚೇರಿಯ ಈ ಕಾರ್ಡಿನಲ್ಲಿ ಮಾತ್ರ. ಹೀಗಾಗಿ ಕಾರ್ಡು ಕೊಳ್ಳುವವರು ಜೋಡಿಯಾಗಿ ಕೊಳ್ಳುವುದೇ ರೂಢಿಯಾಗಿದೆ, ಎರಡಕ್ಕೆ ಒಂದು ರೂಪಾಯಿ.

ಹಳೆಯ ದಾರಿಯೇ ಗತಿ

ಜವಳಿ ಅಂಗಡಿಯ ಯಜಮಾನರು ಏನು ಮಾಡಿದರು? ಗುಮಾಸ್ತರು ದಾರಿ ತೋರಿಸಿದರು. ಕಾರ್ಡಿನಲ್ಲಿ ಅಚ್ಚಾಗಿರುವ ಐವತ್ತು ಪೈಸೆ ಹೇಗೂ ಇದೆ, ಅದರ ಪಕ್ಕ ಐದೂವರೆ ರೂಪಾಯಿಯ ಸ್ಟ್ಯಾಂಪು ಹಚ್ಚಿದರೆ ಲೆಕ್ಕ ಸರಿ. ಇನ್ನೂರಕ್ಕೆ 1,100 ರೂಪಾಯಿ. ಆದರೆ ಐವತ್ತು ಪೈಸೆಯ ಬಿಡಿ ಸ್ಟ್ಯಾಂಪು ಅಂದು ಕೌಂಟರಿನಲ್ಲಿ ಇರಲಿಲ್ಲ. ಐದರ ಜತೆ ಒಂದು ರೂಪಾಯಿಯದು ಹಚ್ಚಿದರೆ 1,200.

ಯಜಮಾನರು ಸ್ವಲ್ಪ ಹೊತ್ತು ಯೋಚಿಸಿ, “ಬೇಡಿ ಸ್ವಾಮಿ, ನೂರನಲವತ್ತು ಸಾದಾ ಕಾರ್ಡು ಕೊಡಿ” ಎಂದರು. ಊರೊಳಗಿನ ಅರವತ್ತು ಮನೆಗೆ ಅಚ್ಚಾದ ಕಾರ್ಡನ್ನೇ ಖುದ್ದಾಗಿ ಹೋಗಿ ಕೊಡುವುದು, ಹೊರಊರಿನ ನೂರನಲವತ್ತಕ್ಕೆ ಕೈಯಲ್ಲಿ ಬರೆಯುವುದು ಎಂದು ತೀರ್ಮಾನ. ಹೊಸ ಖರ್ಚು ಎಪ್ಪತ್ತು ರೂಪಾಯಿ.

ಅಂದು ರಾತ್ರಿ ಅಂಗಡಿಯ ಬಾಗಿಲು ಹಾಕಿದ ಮೇಲೆ ಜಮಖಾನದ ಮೇಲೆ ನಾಲ್ವರು ಕುಳಿತರು. ಇಬ್ಬರು ಮಕ್ಕಳು, ಸೊಸೆ ಮತ್ತು ಅಂಗಡಿಯ ಲೆಕ್ಕ ಬರೆಯುವವರು. ತಲೆಗೆ ಮೂವತ್ತೈದು ಕಾರ್ಡು. ಮೊದಲ ಹತ್ತರವರೆಗೆ ಗೊಣಗಾಟ, ಕೈನೋವು. ಆಮೇಲೆ ಹಿರಿಯ ಮಗ ಒಂದು ಕಾರ್ಡಿನ ಕೆಳಗೆ, ‘ಅಜ್ಜ ಕೊನೆಯ ದಿನಗಳಲ್ಲಿ ನಿಮ್ಮನ್ನು ಕೇಳುತ್ತಿದ್ದರು’ ಎಂದು ಒಂದು ಸಾಲು ಹೆಚ್ಚಿಗೆ ಬರೆದ. ಅದನ್ನು ನೋಡಿ ಸೊಸೆಯೂ ತನ್ನ ಪಾಲಿನ ಕಾರ್ಡಿನಲ್ಲಿ ಎರಡು ಮಾತು ಸೇರಿಸಿದಳು. ಪ್ರೆಸ್ಸಿನ ಒಕ್ಕಣೆಯಲ್ಲಿ ಎಲ್ಲರಿಗೂ ಒಂದೇ ಮಾತಿತ್ತು. ಇಲ್ಲಿ ಯಾರ್‍ಯಾರಿಗೆ ಯಾವ ಮಾತೋ ಅದು ಹೋಯಿತು. ಮರುದಿನ ಬೆಳಿಗ್ಗೆಯ ಟಪಾಲು ಕಟ್ಟುವ ಹೊತ್ತಿಗೆ ನೂರನಲವತ್ತೂ ಕೌಂಟರು ಸೇರಿದವು.

ಸಮಾರಾಧನೆಯ ದಿನ ಬಂದವರಲ್ಲಿ ಒಬ್ಬ ವೃದ್ಧರು ಜೇಬಿನಿಂದ ಆ ಕಾರ್ಡು ತೆಗೆದು, “ಈ ಕಾಲದಲ್ಲೂ ಕೈಯಾರೆ ಬರೆದಿರಲ್ಲಪ್ಪ” ಎಂದರಂತೆ. ಅಚ್ಚಾದ ಕಾರ್ಡಿನ ಕಥೆ ಯಜಮಾನರು ಹೇಳಲಿಲ್ಲ.

ಎಲ್ಲರ ಅದೃಷ್ಟವೂ ಹೀಗಿರುವುದಿಲ್ಲ. ಕೌಂಟರಿಗೆ ಹೋಗದೆ ಬಸ್ ನಿಲ್ದಾಣದ ಡಬ್ಬಿಗೆ ಕಟ್ಟು ಬಿಚ್ಚಿ ಸುರಿದು ಹೋಗುವವರೇ ಹೆಚ್ಚು. ಅವರ ತಪ್ಪು ಅವರಿಗೆ ತಿಳಿಯುವುದು ನೆಂಟರ ಮುನಿಸಿನಿಂದ.

ಇದಕ್ಕೆ ದೊಡ್ಡ ಖರ್ಚಿನ ಪರಿಹಾರವೇನೂ ಬೇಕಿಲ್ಲ. ಪ್ರತಿ ಅಂಚೆ ಕಚೇರಿಯ ಮುಂದೆ, ಪ್ರತಿ ಡಬ್ಬಿಯ ಮೇಲೆ ಕನ್ನಡದಲ್ಲಿ ಎರಡೇ ಸಾಲು: ‘ಕೈಬರಹದ ಕಾರ್ಡಿಗೆ ಇಷ್ಟು, ಅಚ್ಚಾದ ಕಾರ್ಡಿಗೆ ಇಷ್ಟು’. ಕೌಂಟರಿನಲ್ಲಿ ಐವತ್ತು ಪೈಸೆಯ, ಒಂದು ರೂಪಾಯಿಯ ಬಿಡಿ ಸ್ಟ್ಯಾಂಪುಗಳ ದಾಸ್ತಾನು. ಕಾರ್ಡಿಗೆ ಒಕ್ಕಣೆ ಅಚ್ಚು ಹಾಕುವ ಪ್ರೆಸ್ಸಿನವರೂ ಗಿರಾಕಿಗೆ, ‘ಇದಕ್ಕೆ ಆರು ರೂಪಾಯಿ ಸ್ಟ್ಯಾಂಪು ಬೇಕು, ಗೊತ್ತೇ?’ ಎಂದು ಒಂದು ಮಾತು ಹೇಳಿದರೆ ಅವರ ಗಂಟೇನೂ ಹೋಗುವುದಿಲ್ಲ. ಗಿರಾಕಿಯೂ ಇನ್ನೂರು ಕೊಳ್ಳುವ ಮುನ್ನ ಒಂದನ್ನು ತೋರಿಸಿ ಕೇಳಿದರೆ ಅವನ ಮಾನ ಉಳಿಯುತ್ತದೆ.

ಕಾಲಾಣೆಯಿಂದ ಎಂಟಾಣೆಯವರೆಗೆ ನೂರನಲವತ್ತಕ್ಕೂ ಹೆಚ್ಚು ವರ್ಷ ಬಡವನ ಮಾತನ್ನು ಹೊತ್ತು ತಂದ ಕಾರ್ಡಿದು. ಅದು ಯಾರ ಬಾಗಿಲಲ್ಲೂ ದಂಡ ಕೇಳುತ್ತ ನಿಲ್ಲುವಂತಾಗಬಾರದು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?